ರೆಕ್ಕೆಯಲ್ಲಿ ಹಿಡಿಸದ ಇಂಧನ

ಜಲಜನಕವನ್ನು ವಿಮಾನದ ಇಂಧನವನ್ನಾಗಿ ಬಳಸುವ ಚರ್ಚೆಯಲ್ಲಿ ಎಂಜಿನ್ನಿಗೆ ಸಿಗುವ ಗಮನ ಪಾತ್ರೆಗೆ ಸಿಗುವುದಿಲ್ಲ. ಎಂಜಿನ್ನಿನ ಪ್ರಶ್ನೆಯಾದರೋ ಬಹುಮಟ್ಟಿಗೆ ಹಳೆಯದು. ಬಗೆಹರಿಯದೆ ಉಳಿದಿರುವುದು ಪಾತ್ರೆಯ ಪ್ರಶ್ನೆಯೇ. ಜಲಜನಕವನ್ನು ಉರಿಸಿ ಜೆಟ್ ಎಂಜಿನ್ ಓಡಿಸಬಹುದೆಂಬುದನ್ನು ಅಮೆರಿಕದ ಬಿ-57 ವಿಮಾನದ ಎರಡು ಎಂಜಿನ್‌ಗಳಲ್ಲೊಂದು 1957ರಲ್ಲಿಯೇ ತೋರಿಸಿಕೊಟ್ಟಿತ್ತು. ಸೋವಿಯತ್ ಒಕ್ಕೂಟದ ಟುಪೊಲೆವ್ ಟಿಯು-155 ವಿಮಾನ 1988ರ ಏಪ್ರಿಲ್ 15ರಂದು ತನ್ನ ಮೂರು ಎಂಜಿನ್‌ಗಳ ಪೈಕಿ ಒಂದನ್ನು ದ್ರವ ಜಲಜನಕದಿಂದ ಓಡಿಸಿಕೊಂಡು ಹಾರಿತ್ತು. ಇಷ್ಟೆಲ್ಲ ಆಗಿ ದಶಕಗಳೇ ಕಳೆದರೂ ಜಲಜನಕದಿಂದ ಹಾರುವ ಪ್ರಯಾಣಿಕ ವಿಮಾನ ಒಂದೂ ಸೇವೆಗೆ ಬಾರದಿರುವುದಕ್ಕೆ ಕಾರಣವನ್ನು ಹುಡುಕಹೊರಟವರು ಬೇಗನೆ ಬಂದು ನಿಲ್ಲುವುದು, ಈ ಅನಿಲವನ್ನು ಯಾವುದರಲ್ಲಿ, ಎಷ್ಟು ಹೊತ್ತು, ಎಷ್ಟು ತೂಕದ ಖರ್ಚಿನಲ್ಲಿ ಹಿಡಿದಿಡಬೇಕೆಂಬ ಸರಳವಾದ, ಆದರೆ ಹಟಮಾರಿಯಾದ ಪ್ರಶ್ನೆಯ ಮುಂದೆ.

ಬೀದರಿನ ವಾಯುಪಡೆ ನೆಲೆಯಿಂದ ಮೇಲೇಳುವ ಹಾಕ್ ತರಬೇತಿ ವಿಮಾನಗಳೂ ಅದೇ ನೆಲೆಯ ಸೂರ್ಯಕಿರಣ ತಂಡದ ಕೆಂಪು-ಬಿಳಿ ವಿಮಾನಗಳೂ ಗಡಿಯಾಚೆಯ ಜಹೀರಾಬಾದ್, ನಾರಾಯಣಖೇಡಗಳ ಕನ್ನಡಿಗರಿಗೆ ಅಪರಿಚಿತವಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಆ ಸೀಮೆ ಬೀದರ ಜಿಲ್ಲೆಯಲ್ಲೂ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲೂ ಇದ್ದವು. ಈ ವಿಮಾನಗಳು ಕುಡಿಯುವುದು ಚೆನ್ನಾಗಿ ಶುದ್ಧೀಕರಿಸಿದ ಸೀಮೆಎಣ್ಣೆಯನ್ನು, ಅಂದರೆ ಈ ಭಾಗದ ಆಡುಮಾತಿನ ಚಿಮಣಿ ಎಣ್ಣೆಯ ಹತ್ತಿರದ ನೆಂಟನನ್ನು. ಸೀಮೆಎಣ್ಣೆಯ ದೊಡ್ಡ ಗುಣವೆಂದರೆ ಅದರ ಸಾಧುತನ: ಸಾಮಾನ್ಯ ಹವೆಯಲ್ಲಿ ದ್ರವವಾಗಿಯೇ ಇರುತ್ತದೆ, ಒತ್ತಡ ಬೇಡುವುದಿಲ್ಲ, ಯಾವ ಆಕಾರದ ಪೊಳ್ಳಿನಲ್ಲಿ ಸುರಿದರೂ ಹೊಂದಿಕೊಳ್ಳುತ್ತದೆ. ಆದ್ದರಿಂದಲೇ ವಿಮಾನದ ತೆಳ್ಳನೆಯ, ಓರೆಕೋರೆಯಾದ ರೆಕ್ಕೆಯ ಒಳಹೊಟ್ಟೆಯೇ ಅದರ ಟ್ಯಾಂಕು. ಪಾತ್ರೆಗೆಂದು ಬೇರೆ ತೂಕವಾಗಲಿ ಬೇರೆ ಜಾಗವಾಗಲಿ ಬೇಕಾಗಿಯೇ ಇಲ್ಲ. ಜಲಜನಕ ಈ ಯಾವ ಉಪಕಾರವನ್ನೂ ಮಾಡುವುದಿಲ್ಲ.

ತೂಕದ ಲೆಕ್ಕದಲ್ಲಿ ಮಾತ್ರ ನೋಡಿದರೆ ಜಲಜನಕಕ್ಕೆ ಸಾಟಿಯಾದ ಇಂಧನವಿಲ್ಲ. ಒಂದು ಕಿಲೊ ಸೀಮೆಎಣ್ಣೆ ಉರಿದಾಗ ಸುಮಾರು 43 ಮೆಗಾಜೌಲ್ ಶಕ್ತಿ ಸಿಕ್ಕರೆ ಒಂದು ಕಿಲೊ ಜಲಜನಕದಿಂದ ಸುಮಾರು 120 ಮೆಗಾಜೌಲ್ ಸಿಗುತ್ತದೆ, ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ಈ ಮೂಲವಸ್ತು ಎಷ್ಟು ಹಗುರವೆಂದರೆ, ದ್ರವವಾಗಿಸಿದ ಮೇಲೂ ಒಂದು ಲೀಟರಿನ ತೂಕ ಕೇವಲ 71 ಗ್ರಾಂ. ನೀರಿನ ಮೇಲೆ ತೇಲುವ ಸೀಮೆಎಣ್ಣೆಯೇ ಲೀಟರಿಗೆ 800 ಗ್ರಾಂ ತೂಗುತ್ತದೆ. ತೂಕದಲ್ಲಿ ಗಳಿಸಿದ್ದನ್ನು ಜಾಗದಲ್ಲಿ ಕಳೆದುಕೊಳ್ಳುವುದೆಂದರೆ ಇದು.

ಈ ನಷ್ಟ ಎಷ್ಟೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ವಸ್ತುವೊಂದು ಬೆಂಗಳೂರಿನಲ್ಲೇ ತಯಾರಾಗಿದೆ. 2020ರ ನವೆಂಬರಿನಲ್ಲಿ ಎಚ್‌ಎಎಲ್ ಸಂಸ್ಥೆ ಇಸ್ರೋಗೆ ಹಸ್ತಾಂತರಿಸಿದ ಸಿ32 ಎಂಬ ದ್ರವ ಜಲಜನಕದ ಟ್ಯಾಂಕು ಅಲ್ಯೂಮಿನಿಯಂ ಮಿಶ್ರಲೋಹದ್ದು. 4 ಮೀಟರ್ ವ್ಯಾಸ, 8 ಮೀಟರ್ ಉದ್ದ, 89 ಘನ ಮೀಟರ್ ಒಳಗಾತ್ರ. ಒಂದು ಸಣ್ಣ ಮನೆಯಷ್ಟು ದೊಡ್ಡದಾದ ಈ ಪಾತ್ರೆಯಲ್ಲಿ ಹಿಡಿಸುವ ಇಂಧನ 5,755 ಕಿಲೊ ಮಾತ್ರ. ಅದೇ ಪ್ರಮಾಣದ ಶಕ್ತಿಯನ್ನು ಸೀಮೆಎಣ್ಣೆಯ ರೂಪದಲ್ಲಿ ತುಂಬುವುದಾದರೆ ಸುಮಾರು 16 ಟನ್ ಎಣ್ಣೆ ಬೇಕಾಗುತ್ತದೆಯಾದರೂ ಅದಕ್ಕೆ 20 ಘನ ಮೀಟರಿನ ಪಾತ್ರೆ ಸಾಕು. ಸಿ32 ಟ್ಯಾಂಕಿನಲ್ಲಿ ಬೆಸುಗೆಯ ಒಟ್ಟು ಉದ್ದ 115 ಮೀಟರ್. ಅಷ್ಟನ್ನೂ ಕ್ಷಕಿರಣದಿಂದ, ಬಣ್ಣದ ದ್ರಾವಣದಿಂದ, ಸೋರಿಕೆಯ ಪರೀಕ್ಷೆಯಿಂದ ಇಂಚಿಂಚಾಗಿ ನೋಡಿಯೇ ಒಪ್ಪಿಕೊಳ್ಳಬೇಕಾಯಿತು, ಏಕೆಂದರೆ ಎಲ್ಲ ಅಣುಗಳಿಗಿಂತ ಚಿಕ್ಕದಾದ ಜಲಜನಕದ ಅಣುಗಳು ಬೇರೆ ಅನಿಲಗಳಿಗೆ ಕಾಣದ ಸಂದುಗಳನ್ನೂ ಹುಡುಕಿಕೊಂಡು ಹೊರಬೀಳುತ್ತವೆ.

ದ್ರವವಾಗಿಸುವ ಗೊಡವೆಯೇ ಬೇಡ, ಅನಿಲವನ್ನೇ ಒತ್ತಿ ತುಂಬಿದರಾಗದೇ ಎಂಬ ಪ್ರಶ್ನೆ ಸಹಜವಾದದ್ದು, ಮತ್ತು ಕಾರುಗಳಲ್ಲಿ ನಡೆದಿರುವುದೂ ಅದೇ. ಇಂಗಾಲದ ನಾರನ್ನು ಸುತ್ತಿ ಮಾಡಿದ ಸಿಲಿಂಡರುಗಳಲ್ಲಿ ಜಲಜನಕವನ್ನು ವಾತಾವರಣದ ಒತ್ತಡದ 700 ಪಟ್ಟಿನವರೆಗೆ ಒತ್ತಿದಾಗ ಲೀಟರಿಗೆ ಸುಮಾರು 40 ಗ್ರಾಂ ಸೇರುತ್ತದೆ. ಆದರೆ ಅಂಥ ಒತ್ತಡವನ್ನು ತಡೆಯುವ ಗೋಡೆಯ ತೂಕದಿಂದಾಗಿ, ನೂರು ಕಿಲೊ ತೂಗುವ ತುಂಬಿದ ಸಿಲಿಂಡರಿನಲ್ಲಿ ಇಂಧನದ ಪಾಲು ಆರು ಕಿಲೊ ದಾಟುವುದು ಕಷ್ಟ. ಇದರ ಪರಿಣಾಮವನ್ನು ಅರಿಯಲು 2020ರ ಫೆಬ್ರುವರಿಯಲ್ಲಿ ಬೀದರ–ಬೆಂಗಳೂರು ನಾಗರಿಕ ವಿಮಾನಸೇವೆ ಆರಂಭವಾದಾಗ ಬಳಕೆಯಾದ ಎಟಿಆರ್-72 ಮಾದರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆ ವಿಮಾನದ ರೆಕ್ಕೆಗಳಲ್ಲಿ ಹಿಡಿಸುವ ಸೀಮೆಎಣ್ಣೆ 5 ಟನ್. ಅಷ್ಟೇ ಶಕ್ತಿಗೆ ಬೇಕಾದ ಜಲಜನಕ 1.8 ಟನ್ನಿಗಿಂತ ಹೆಚ್ಚೇನಲ್ಲ. ಆದರೆ ಅದನ್ನು ಸಿಲಿಂಡರಿನಲ್ಲಿ ತುಂಬಿದರೆ ಸಿಲಿಂಡರು ಸೇರಿ ಮೂವತ್ತು ಟನ್ನಿನ ಹತ್ತಿರ ತೂಗುತ್ತದೆ. ವಿಮಾನ ಪ್ರಯಾಣಿಕರು, ಸಾಮಾನು, ಇಂಧನ ಎಲ್ಲವನ್ನೂ ಹೊತ್ತು ನೆಲಬಿಡಬಹುದಾದ ಗರಿಷ್ಠ ತೂಕವೇ 23 ಟನ್. ಕುದುರೆಗಿಂತ ಜೀನೇ ಭಾರವಾದ ಕಥೆ. ಹತ್ತೊಂಬತ್ತು ಆಸನಗಳ ಡಾರ್ನಿಯರ್-228 ವಿಮಾನದ ಒಂದು ಎಂಜಿನ್ನಿನ ಜಾಗದಲ್ಲಿ ಜಲಜನಕದ ವಿದ್ಯುತ್ ಯಂತ್ರವಿಟ್ಟು ಜೀರೋಏವಿಯಾ ಸಂಸ್ಥೆ 2023ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಹಾರಿಸಿದ್ದು ಒತ್ತಿದ ಅನಿಲದಿಂದಲೇ ಎಂಬುದು ನಿಜ; ಚಿಕ್ಕ ವಿಮಾನ, ಚಿಕ್ಕ ದೂರಗಳಿಗೆ ಆ ದಾರಿ ಸಾಲಬಹುದು, ಅದಕ್ಕಿಂತ ಮೇಲಕ್ಕಲ್ಲ. ಲೋಹದ ಪುಡಿಗೆ ಜಲಜನಕವನ್ನು ಹೀರಿಸಿ ಕೂಡಿಡುವ ವಿಧಾನ ಸುರಕ್ಷಿತವಾದರೂ ಮತ್ತಷ್ಟು ಭಾರದ್ದು, ಹಾಗಾಗಿ ಆಕಾಶದ ಮಾತಿನಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ.

ಉಳಿಯುವುದು ದ್ರವ ಜಲಜನಕ. ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂವರ್ 1898ರಲ್ಲಿ ಮೊದಲಬಾರಿಗೆ ಜಲಜನಕವನ್ನು ದ್ರವವಾಗಿಸಿದರು. ಇಂದು ಮನೆಮನೆಯಲ್ಲಿ ಚಹಾ ಬಿಸಿಯಾಗಿಡುವ ಥರ್ಮಾಸ್ ಫ್ಲಾಸ್ಕು ಇಂಥ ಶೀತದ ದ್ರವಗಳನ್ನು ಕಾಪಿಡುವುದಕ್ಕಾಗಿ ಅವರೇ 1892ರಲ್ಲಿ ರೂಪಿಸಿದ ಪಾತ್ರೆ. ಜಲಜನಕ ದ್ರವವಾಗುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಇರಬಹುದಾದ ಅತಿ ಕೆಳಗಿನ ತಾಪಕ್ಕಿಂತ ಕೇವಲ 20 ಡಿಗ್ರಿ ಮೇಲೆ. ಮೇ ತಿಂಗಳ ತಾಂಡೂರಿನಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದ ದಿನ ಟ್ಯಾಂಕಿನ ಒಳಮೈಗೂ ಹೊರಮೈಗೂ ನಡುವಿನ ಅಂತರ 295 ಡಿಗ್ರಿ. ಕುದಿಯುವ ನೀರಿಗೂ ಮಂಜುಗಡ್ಡೆಗೂ ಇರುವ ಅಂತರದ ಮೂರು ಪಟ್ಟು, ಅದೂ ಕೆಲವೇ ಅಂಗುಲ ದಪ್ಪದ ಗೋಡೆಯೊಳಗೆ. ಈ ಮಟ್ಟಕ್ಕೆ ತಂಪಾಗಿಸುವ ಕೆಲಸವೇ ದುಬಾರಿ: ಒಂದು ಕಿಲೊ ಜಲಜನಕದಲ್ಲಿ ಅಡಗಿರುವ ಶಕ್ತಿ ಸುಮಾರು 33 ಯೂನಿಟ್ ವಿದ್ಯುತ್ತಿಗೆ ಸಮನಾದರೆ, ಅದನ್ನು ದ್ರವವಾಗಿಸಲು ಇಂದಿನ ಕಾರ್ಖಾನೆಗಳಲ್ಲಿ ಹತ್ತು ಯೂನಿಟ್ಟಿಗೂ ಹೆಚ್ಚು ಖರ್ಚಾಗುತ್ತದೆ.

ತಂಪಾಗಿಸಿ ಮುಗಿಯಿತೆಂದುಕೊಂಡಲ್ಲಿ ಜಲಜನಕ ಮತ್ತೊಂದು ಆಟ ಹೂಡುತ್ತದೆ. ಅದರ ಅಣುವಿನಲ್ಲಿರುವ ಎರಡು ಪ್ರೋಟಾನ್‌ಗಳ ಗಿರಕಿ ಒಂದೇ ದಿಕ್ಕಿನಲ್ಲಿದ್ದರೆ ಅದನ್ನು ಆರ್ಥೊ ಎಂದೂ ವಿರುದ್ಧ ದಿಕ್ಕುಗಳಲ್ಲಿದ್ದರೆ ಪ್ಯಾರಾ ಎಂದೂ ಕರೆಯುತ್ತಾರೆ. ಸಾಮಾನ್ಯ ಹವೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಆರ್ಥೊ ಇದ್ದರೆ, ಅತಿಶೀತದಲ್ಲಿ ಸ್ಥಿರವಾಗಿ ನಿಲ್ಲುವುದು ಬಹುಪಾಲು ಪ್ಯಾರಾ ಮಾತ್ರ. ಅವಸರದಲ್ಲಿ ತಂಪಾಗಿಸಿದ ದ್ರವದೊಳಗೆ ಉಳಿದ ಆರ್ಥೊ ಅಣುಗಳು ದಿನಗಟ್ಟಲೆ ಮೆಲ್ಲಮೆಲ್ಲನೆ ಪ್ಯಾರಾಗಳಾಗುತ್ತ ಶಾಖ ಬಿಡುತ್ತವೆ, ಮತ್ತು ಈ ಶಾಖ ಕಿಲೊಗೆ 527 ಕಿಲೊಜೌಲ್ ಆದರೆ ಅಷ್ಟೇ ದ್ರವವನ್ನು ಆವಿಯಾಗಿಸಲು ಬೇಕಾದದ್ದು 446 ಕಿಲೊಜೌಲ್ ಮಾತ್ರ. ಹೊರಗಿನಿಂದ ಒಂದು ಕಣ ಬಿಸಿಯೂ ಒಳಹೋಗದಷ್ಟು ಚೊಕ್ಕವಾದ ಪಾತ್ರೆಯಲ್ಲಿಟ್ಟರೂ ಇಂಧನ ತನ್ನೊಳಗಿನ ಬಿಸಿಯಿಂದಲೇ ಕುದಿದು ಹೋಗುತ್ತದೆಂದಾಯಿತು. ಆದ್ದರಿಂದ ದ್ರವೀಕರಣದ ಹಂತದಲ್ಲಿಯೇ ಕಬ್ಬಿಣದ ಆಕ್ಸೈಡಿನಂಥ ವೇಗವರ್ಧಕದ ಮೂಲಕ ಹಾಯಿಸಿ ಈ ಮಾರ್ಪಾಟನ್ನು ಮೊದಲೇ ಮುಗಿಸಿಬಿಡುತ್ತಾರೆ.

ಇನ್ನು ಹೊರಗಿನ ಶಾಖ. ಹಳೆಯ ಕಾಲದ 100 ವ್ಯಾಟಿನ ಬಲ್ಬೊಂದರಷ್ಟು ಶಾಖ ಟ್ಯಾಂಕಿನೊಳಗೆ ಎಡೆಬಿಡದೆ ನುಸುಳಿದರೂ ದಿನಕ್ಕೆ 19 ಕಿಲೊ ಜಲಜನಕ ಕುದಿದು ಆವಿಯಾಗುತ್ತದೆ. ಈ ಆವಿಯನ್ನು ಹೊರಬಿಡದೆ ಮುಚ್ಚಿಟ್ಟರೆ ಒತ್ತಡ ಏರುತ್ತದೆ, ಏಕೆಂದರೆ ಸಾಮಾನ್ಯ ಹವೆಗೆ ಬಂದ ದ್ರವ ಜಲಜನಕ ಸುಮಾರು 850 ಪಟ್ಟು ಹಿಗ್ಗಲು ಹವಣಿಸುತ್ತದೆ. ಹೊರಬಿಟ್ಟರೆ ಇಂಧನ ನಷ್ಟ. ಆದರೆ ಆವಿಯಾಗುವಿಕೆಯಲ್ಲಿ ಒಂದು ಉಪಕಾರವೂ ಇದೆ: ಬೇಸಿಗೆಯಲ್ಲಿ ರಂಜಣಿಗೆಯ ಮೈಯಿಂದ ಜಿನುಗಿದ ನೀರು ಆರುತ್ತ ಒಳಗಿನ ನೀರನ್ನು ತಣ್ಣಗಿಡುವಂತೆಯೇ, ಕುದಿದು ಹೋಗುವ ಜಲಜನಕ ಉಳಿದ ದ್ರವದ ಶಾಖವನ್ನು ತನ್ನೊಂದಿಗೆ ಹೊತ್ತೊಯ್ಯುತ್ತದೆ. ಗಾತ್ರ ದೊಡ್ಡದಾದಷ್ಟೂ ಒಳಗಿನ ದ್ರವದ ಪ್ರಮಾಣಕ್ಕೆ ಹೋಲಿಸಿದರೆ ಮೈಯ ವಿಸ್ತಾರ ಕಡಿಮೆಯಾಗುವುದರಿಂದ ದೊಡ್ಡ ಪಾತ್ರೆಗೆ ನಷ್ಟ ಕಡಿಮೆ. ಗೋಳಾಕಾರಕ್ಕೆ ಎಲ್ಲಕ್ಕಿಂತ ಕಡಿಮೆ. ಚಪ್ಪಟೆಯಾದ ರೆಕ್ಕೆಗೆ ಅತಿ ಹೆಚ್ಚು. ಜಲಜನಕ ರೆಕ್ಕೆಯನ್ನು ಬಿಟ್ಟು ವಿಮಾನದ ಒಡಲಿಗೆ ಬರಬೇಕಾದದ್ದು ಹೀಗೆ. ಎಟಿಆರ್-72ರ ಮಟ್ಟಿಗೆ 1.8 ಟನ್ ದ್ರವ ಜಲಜನಕವೆಂದರೆ 25 ಘನ ಮೀಟರ್. ಎರಡೂವರೆ ಮೀಟರ್ ಅಗಲದ ಅದರ ಒಡಲಿನಲ್ಲಿ ಇಂಥ ಸಿಲಿಂಡರನ್ನು ಮಲಗಿಸಿದರೆ ಆರೇಳು ಮೀಟರ್ ಉದ್ದ, ಅಂದರೆ ಸುಮಾರು ಒಂಬತ್ತು ಸಾಲು ಆಸನಗಳು ಹೋದವು. ಪ್ರಯಾಣಿಕರಲ್ಲಿ ಅರ್ಧದಷ್ಟು ಜನ ಕೆಳಗುಳಿಯಬೇಕು. ಬೀದರ–ಬೆಂಗಳೂರಿನಷ್ಟು ದೂರಕ್ಕೆ ತುಂಬಿದ ಟ್ಯಾಂಕು ಬೇಕಾಗಿಲ್ಲವಾದ್ದರಿಂದ ನಷ್ಟ ಇಷ್ಟೊಂದು ಆಗದೆ ಇರಬಹುದು, ಮತ್ತು ಜಲಜನಕದ ವಿಮಾನ ಮೊದಲು ಬರುವುದಿದ್ದರೆ ಇಂಥ ಕಿರುದಾರಿಗಳಿಗೇ ಎಂದು ಎಣಿಸಲು ಕಾರಣವೂ ಇದೇ.

ಶಾಖವನ್ನು ತಡೆಯುವ ದಾರಿಗಳು ಎರಡು. ಒಂದರಲ್ಲಿ ಟ್ಯಾಂಕಿಗೆ ಎರಡು ಗೋಡೆಗಳಿದ್ದು, ನಡುವಣ ಗಾಳಿಯನ್ನು ಪೂರ್ತಿಯಾಗಿ ತೆಗೆದು, ಆ ನಿರ್ವಾತದಲ್ಲಿ ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆಗಳನ್ನು ಪದರಪದರವಾಗಿ ಸುತ್ತಿರುತ್ತಾರೆ. ಇದು ಡ್ಯೂವರ್ ಪಾತ್ರೆಯ ಮೊಮ್ಮಗ. ಶಾಖ ತಡೆಯುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ, ಆದರೆ ಹೊರಗೋಡೆಯ ತೂಕ ಜಾಸ್ತಿ, ಮತ್ತು ಒಂದು ಕೂದಲೆಳೆಯ ಬಿರುಕಿನಿಂದ ನಿರ್ವಾತ ಕೆಟ್ಟರೆ ಶಾಖ ಒಮ್ಮೆಗೇ ಒಳನುಗ್ಗಿ ದ್ರವವೆಲ್ಲ ಕುದಿಯತೊಡಗುತ್ತದೆ. ಇನ್ನೊಂದು ದಾರಿ, ಒಂಟಿ ಗೋಡೆಯ ಹೊರಮೈಗೆ ನೊರೆಯಂಥ ಪ್ಲಾಸ್ಟಿಕ್ ಹೊದಿಕೆ ಬಳಿಯುವುದು. ರಾಕೆಟ್ಟುಗಳ ದಾರಿ ಇದು. ಹಗುರ, ಅಗ್ಗ, ಒಮ್ಮೆಗೇ ಕೈಕೊಡುವುದಿಲ್ಲ. ಆದರೆ ಪದೇಪದೇ ತಂಪಾಗಿ ಬಿಸಿಯಾಗುವ ಹೊದಿಕೆಯಲ್ಲಿ ಸೀಳುಬಿಟ್ಟು, ಸೀಳಿನೊಳಗೆ ಸೇರಿದ ಗಾಳಿಯೇ ಹೆಪ್ಪುಗಟ್ಟಿ, ಹೊದಿಕೆ ಸುಲಿದುಬರುವ ಅಪಾಯವಿದೆ. ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿಯನ್ನು ಬಲಿ ತೆಗೆದುಕೊಂಡ 2003ರ ಕೊಲಂಬಿಯ ದುರಂತಕ್ಕೆ ಮೂಲವಾದದ್ದು ದ್ರವ ಜಲಜನಕ ಹೊತ್ತ ಹೊರಟ್ಯಾಂಕಿನಿಂದ ಕಿತ್ತು ಬಂದು ರೆಕ್ಕೆಗೆ ಬಡಿದ ಇಂಥ ನೊರೆಹೊದಿಕೆಯ ಒಂದು ತುಂಡು ಎಂಬುದನ್ನು ಮರೆಯುವಂತಿಲ್ಲ.

ಭಾರತದ ಅನುಭವದಲ್ಲಿ ಪಾತ್ರೆಯ ಪಾಠವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಕಲಿಸಿದ್ದು 2021ರ ಆಗಸ್ಟ್ 12ರ ಜಿಎಸ್‌ಎಲ್‌ವಿ-ಎಫ್10 ಉಡಾವಣೆ. ಅಂದು ಇಒಎಸ್-03 ಉಪಗ್ರಹವನ್ನು ಹೊತ್ತ ರಾಕೆಟ್ಟಿನ ಕೆಳಗಿನ ಹಂತಗಳು ಸರಿಯಾಗಿ ಕೆಲಸ ಮಾಡಿದ ಮೇಲೆ ಮೇಲಿನ ಅತಿಶೀತ ಹಂತ ಹೊತ್ತಿಕೊಳ್ಳಲೇ ಇಲ್ಲ. ತನಿಖೆಯಲ್ಲಿ ತಪ್ಪು ಎಂಜಿನ್ನಿನದಲ್ಲವೆಂದು ಗೊತ್ತಾಯಿತು: ಜಲಜನಕದ ಟ್ಯಾಂಕಿನ ಹೆಚ್ಚುವರಿ ಆವಿಯನ್ನು ಹೊರಬಿಡುವ ಕವಾಟ ಸೋರಿ, ಹೊತ್ತಿಸುವ ಹೊತ್ತಿಗೆ ಟ್ಯಾಂಕಿನೊಳಗಿನ ಒತ್ತಡ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು, ಅದರಿಂದ ಟ್ಯಾಂಕಿನೊಳಗೇ ಇರುವ ಪಂಪು ಹದತಪ್ಪಿತು, ರಾಕೆಟ್ಟಿನ ಗಣಕ ಹಾರಾಟವನ್ನು ಕೈಬಿಡುವ ಆದೇಶ ಕೊಟ್ಟಿತು. ಕವಾಟದ ಮೆತ್ತನೆಯ ಸೀಲಿಗೆ ಆದ ಹಾನಿಯೇ ಸೋರಿಕೆಗೆ ಬಹುಮಟ್ಟಿಗೆ ಕಾರಣವೆಂದು ತನಿಖಾ ಸಮಿತಿ ತೀರ್ಮಾನಿಸಿತು. ಒತ್ತಡ ಹೆಚ್ಚಾದರೆ ಪಾತ್ರೆ ಒಡೆಯುತ್ತದೆ, ಕಡಿಮೆಯಾದರೆ ಪಂಪಿಗೆ ದ್ರವದ ಬದಲು ಗುಳ್ಳೆ ಸಿಗುತ್ತದೆ. ದ್ರವ ಜಲಜನಕದ ಟ್ಯಾಂಕು ಈ ಎರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲೇ ನಡೆಯಬೇಕು. ರಾಕೆಟ್ಟಿಗೆ ಈ ನಡಿಗೆ ಹತ್ತು-ಹದಿನೈದು ನಿಮಿಷದ್ದು, ಅದೂ ಜೀವಮಾನದಲ್ಲಿ ಒಮ್ಮೆ. ಉಡಾವಣೆಗೆ ಸ್ವಲ್ಪ ಮುಂಚಿನವರೆಗೂ ಕುದಿದುಹೋದಷ್ಟನ್ನು ನೆಲದಿಂದ ಮತ್ತೆ ತುಂಬಿಸುತ್ತಲೂ ಇರಬಹುದು. ದಿನಕ್ಕೆ ಆರೆಂಟು ಬಾರಿ ಏರಿಳಿಯುವ ಪ್ರಾದೇಶಿಕ ವಿಮಾನದ ಟ್ಯಾಂಕಾದರೋ ಇಪ್ಪತ್ತು ವರ್ಷಗಳಲ್ಲಿ ಹತ್ತಾರು ಸಾವಿರ ಹಾರಾಟಗಳನ್ನು, ಪ್ರತಿ ಹಾರಾಟದಲ್ಲೂ ಮೋಡಗಳ ನಡುವಿನ ಕುಲುಕಾಟವನ್ನು ತಾಳಬೇಕು. ಕುಲುಕಿದಾಗ ತಣ್ಣನೆಯ ದ್ರವ ಮೇಲಿನ ಆವಿಯಲ್ಲಿ ಚಿಮ್ಮಿ, ಆವಿ ಒಮ್ಮೆಗೇ ಮರಳಿ ದ್ರವವಾಗಿ, ಟ್ಯಾಂಕಿನ ಒತ್ತಡ ಕುಸಿಯುವುದುಂಟು. ಎಫ್10ರಲ್ಲಿ ಸೋರಿಕೆ ಮಾಡಿದ ಕೆಲಸವನ್ನು ವಿಮಾನದಲ್ಲಿ ಬರೀ ಕುಲುಕಾಟವೇ ಮಾಡಬಹುದು. ಇಸ್ರೋ ಕಲಿತ ವಿದ್ಯೆ ವಿಮಾನಕ್ಕೆ ಬೇಕಾದ ವಿದ್ಯೆಯ ಅಡಿಪಾಯವೆಂಬುದರಲ್ಲಿ ಅನುಮಾನವಿಲ್ಲ. ಆದರೆ ರಾಕೆಟ್ ಕಟ್ಟಿದವರಿಗೆ ವಿಮಾನ ಸುಲಭವೆಂಬ ಎಣಿಕೆ ತಲೆಕೆಳಗಾದದ್ದು.

ಸುರಕ್ಷತೆಯ ಮಾತು ಬಂದಾಗ 1937ರ ಮೇ 6ರಂದು ಉರಿದುಬಿದ್ದ ಹಿಂಡನ್‌ಬರ್ಗ್ ವಾಯುನೌಕೆಯ ಚಿತ್ರ ಎಲ್ಲರ ಮನಸ್ಸಿಗೂ ಬರುತ್ತದೆ. ಅದರಲ್ಲಿದ್ದ 97 ಜನರಲ್ಲಿ 62 ಮಂದಿ ಬದುಕುಳಿದರೆಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಜಲಜನಕ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರವಾದ್ದರಿಂದ ಬಯಲಿನಲ್ಲಿ ಸೋರಿದ ಅನಿಲ ನೆಲದಲ್ಲಿ ನಿಲ್ಲದೆ ಮೇಲೇರಿ ಚದುರುತ್ತದೆ. ಸೀಮೆಎಣ್ಣೆಯಂತೆ ಕೆರೆಯಾಗಿ ಹರಡಿ ಉರಿಯುವುದಿಲ್ಲ. ಟಾಟಾ ಮೋಟಾರ್ಸ್ ಮತ್ತು ಇಸ್ರೋ 2013ರಲ್ಲಿ ಮಹೇಂದ್ರಗಿರಿಯಲ್ಲಿ ಓಡಿಸಿ ತೋರಿಸಿದ ಜಲಜನಕದ ಬಸ್ಸಿನ ಸಿಲಿಂಡರುಗಳು ಛಾವಣಿಯ ಮೇಲಿದ್ದವು; ಸೋರಿದ ಅನಿಲ ತಾನಾಗಿ ಮೇಲಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಮುಚ್ಚಿದ ಒಡಲಿನೊಳಗೆ ಸೋರಿದರೆ ಇದೇ ಗುಣ ಶತ್ರುವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಬೆರೆತಾಗಲೆಲ್ಲ ಜಲಜನಕ ಹೊತ್ತಿಕೊಳ್ಳಬಲ್ಲದು, ಮೈಮೇಲಿನ ಬಟ್ಟೆ ಉಜ್ಜಿ ಹುಟ್ಟುವ ಕಿಡಿಯೂ ಅದಕ್ಕೆ ಸಾಕು, ಹಗಲಿನಲ್ಲಿ ಅದರ ಜ್ವಾಲೆ ಬರಿಗಣ್ಣಿಗೆ ಕಾಣುವುದೂ ಇಲ್ಲ. ಆದ್ದರಿಂದ ವಿಮಾನದ ಹಿಂಬದಿಯಲ್ಲಿ ಟ್ಯಾಂಕಿಟ್ಟ ಕೋಣೆ ಪ್ರಯಾಣಿಕರಿಂದ ಪೂರ್ತಿ ಬೇರೆಯಾಗಿದ್ದು, ಎಡೆಬಿಡದೆ ಗಾಳಿಯಾಡುತ್ತ, ಅನಿಲವನ್ನು ಮೂಸುವ ಉಪಕರಣಗಳಿಂದ ಕಾವಲಾಗಿರಬೇಕು. ಉಕ್ಕಿನ ಹಲವು ಬಗೆಗಳೊಳಗೆ ಜಲಜನಕ ನುಸುಳಿ ಲೋಹವನ್ನೇ ಪೆಡಸಾಗಿಸುವುದರಿಂದ ಟ್ಯಾಂಕಿಗೂ ಕೊಳವೆಗಳಿಗೂ ಅಲ್ಯೂಮಿನಿಯಂ ಇಲ್ಲವೇ ಆಯ್ದ ತುಕ್ಕುರಹಿತ ಉಕ್ಕನ್ನೇ ಬಳಸಬೇಕು. ಹೊದಿಕೆಯಿಲ್ಲದ ಕೊಳವೆಯ ಮೇಲಾದರೆ ಸುತ್ತಲಿನ ಗಾಳಿಯೇ ದ್ರವವಾಗಿ ತೊಟ್ಟಿಕ್ಕುತ್ತದೆ. ಸಾರಜನಕಕ್ಕಿಂತ ಮೊದಲು ದ್ರವವಾಗುವುದು ಆಮ್ಲಜನಕವಾದ್ದರಿಂದ ಆ ತೊಟ್ಟು ಬಿದ್ದ ಡಾಂಬರೂ ಸುಲಭವಾಗಿ ಹೊತ್ತಿಕೊಳ್ಳಬಲ್ಲದು.

ತುಂಬಿಸುವ ಕೆಲಸದ ಕಷ್ಟವೂ ಇಲ್ಲಿಂದಲೇ ಹುಟ್ಟುತ್ತದೆ. ಟ್ಯಾಂಕಿನಲ್ಲಿ ಗಾಳಿಯ ಲವಲೇಶ ಉಳಿದರೂ ಅದು ಕಲ್ಲಿನಂತೆ ಹೆಪ್ಪುಗಟ್ಟಿ ಕವಾಟಗಳನ್ನು ಕಟ್ಟಿಹಾಕುತ್ತದೆ. ಕಾರ್ಖಾನೆಗಳಲ್ಲಿ ಗಾಳಿ ತೊಳೆಯಲು ಬಳಸುವ ಸಾರಜನಕವೂ ಈ ಶೀತದಲ್ಲಿ ಹೆಪ್ಪುಗಟ್ಟುವುದರಿಂದ, ಕೊನೆಯ ತೊಳೆತಕ್ಕೆ ಹೀಲಿಯಂ ಅಲ್ಲದೆ ಬೇರೆ ಗತಿಯಿಲ್ಲ. ಹೀಲಿಯಂ ಅಗ್ಗದ ವಸ್ತುವಲ್ಲ. ದಶಕಗಳ ಅನುಭವವಿರುವ ನಾಸಾ ಸಂಸ್ಥೆಯೇ 2022ರ ಸೆಪ್ಟೆಂಬರ್ 3ರಂದು ಆರ್ಟೆಮಿಸ್-1ರ ಉಡಾವಣೆಯನ್ನು ಜಲಜನಕ ತುಂಬಿಸುವ ಜೋಡಣೆಯ ಸೋರಿಕೆಯಿಂದ ಕೈಬಿಡಬೇಕಾಯಿತು. ವಿಮಾನ ನಿಲ್ದಾಣದಲ್ಲಿ ಇದೇ ಜೋಡಣೆಯನ್ನು ಅರ್ಧ ಗಂಟೆಯೊಳಗೆ, ದಿನಕ್ಕೆ ಹಲವು ಬಾರಿ ಕೂಡಿಸಿ ಬಿಚ್ಚಬೇಕಾಗುತ್ತದೆ. ಹೀಗಿದ್ದೂ ಮುನ್ನಡೆ ನಿಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಎಚ್2ಫ್ಲೈ ಎಂಬ ಜರ್ಮನ್ ಸಂಸ್ಥೆಯ ಚಿಕ್ಕ ವಿಮಾನ ಸ್ಲೊವೇನಿಯದಲ್ಲಿ ದ್ರವ ಜಲಜನಕ ತುಂಬಿಕೊಂಡು ಮೂರು ಗಂಟೆಗೂ ಹೆಚ್ಚು ಹೊತ್ತು ಹಾರಿತು. ಒತ್ತಿದ ಅನಿಲದಲ್ಲಿ 750 ಕಿ.ಮೀ. ಇದ್ದ ಅದರ ಹಾರಾಟದ ವ್ಯಾಪ್ತಿ ದ್ರವದಿಂದ 1,500 ಕಿ.ಮೀ.ಗೆ ಏರಬಲ್ಲದೆಂದು ಸಂಸ್ಥೆ ಲೆಕ್ಕ ಹಾಕಿತು. ಇತ್ತ ಏರ್‌ಬಸ್ 2035ರ ಹೊತ್ತಿಗೆ ಜಲಜನಕದ ಪ್ರಯಾಣಿಕ ವಿಮಾನ ತರುವುದಾಗಿ 2020ರಲ್ಲಿ ಸಾರಿದ್ದರೂ 2025ರಲ್ಲಿ ಆ ಗಡುವನ್ನು ಮುಂದೂಡಿತು.

ಜಲಜನಕವನ್ನು ಉತ್ಪಾದಿಸುವ ಮಾತಾದರೆ ಈ ಸೀಮೆಗೆ ಬೇರೆಯೇ ಆಸೆಯಿದೆ. ಕೃಷಿತ್ಯಾಜ್ಯವನ್ನು ಹಬೆ ಮತ್ತು ಆಮ್ಲಜನಕದೊಂದಿಗೆ ಅನಿಲವಾಗಿಸಿ ಜಲಜನಕ ಪಡೆಯುವ ವಿಧಾನವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಸ್. ದಾಸಪ್ಪ ಅವರ ತಂಡ ರೂಪಿಸಿದ್ದು, ಅದರಲ್ಲಿ ಒಂದು ಕಿಲೊ ತ್ಯಾಜ್ಯದಿಂದ 100 ಗ್ರಾಂ ಜಲಜನಕ ಸಿಗುತ್ತದೆ. ತ್ಯಾಜ್ಯದಲ್ಲಿರುವುದು 60 ಗ್ರಾಂ ಮಾತ್ರ, ಉಳಿದದ್ದು ಹಬೆಯಿಂದ ಬಂದದ್ದು. ತಾಂಡೂರಿನ ತೊಗರಿ ಕಟ್ಟಿಗೆಯೂ ಜಹೀರಾಬಾದಿನ ಕಬ್ಬಿನ ಸಿಪ್ಪೆಯೂ ಇಂಥ ಕುಲುಮೆಗೆ ಆಹಾರವಾಗಬಲ್ಲ ವಸ್ತುಗಳೇ. ಆದರೆ ಹೊಲದ ಅಂಚಿನಲ್ಲಿ ಜಲಜನಕ ಸಿಕ್ಕರೂ ಅದನ್ನು ದ್ರವವಾಗಿಸುವ ಕಾರ್ಖಾನೆ ದೊಡ್ಡದಾಗಿದ್ದರೆ ಮಾತ್ರ ಲಾಭ, ಆದ್ದರಿಂದ ಅದು ಪ್ರತಿಯೊಂದು ಊರಿನ ಪಕ್ಕದಲ್ಲೂ ಇರಲಾರದು. ಬೀದರದಂಥ ಸಣ್ಣ ನಿಲ್ದಾಣಕ್ಕೆ ದ್ರವ ಜಲಜನಕ ಬರುವುದಾದರೆ ಜೋಡಿಗೋಡೆಯ, ನಿರ್ವಾತದ ಟ್ಯಾಂಕರ್ ಲಾರಿಗಳಲ್ಲಿ, ಬಹುಶಃ ಜಹೀರಾಬಾದಿನ ನಡುವೆ ಹಾದುಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಬರಬೇಕು. ಅಂಥ ಲಾರಿಯೊಂದು ಹೊರುವುದು ನಾಲ್ಕು ಟನ್ನಿನ ಆಸುಪಾಸು, ಅಂದರೆ ಎಟಿಆರ್-72ರಂಥ ಎರಡು ವಿಮಾನಗಳಿಗೆ ಆಗುವಷ್ಟು; ಲಾರಿಯ ಟ್ಯಾಂಕಿನಲ್ಲೂ, ನಿಲ್ದಾಣದ ಸಂಗ್ರಹದಲ್ಲೂ, ರಾತ್ರಿ ಅಲ್ಲಿಯೇ ತಂಗಿದ ವಿಮಾನದಲ್ಲೂ ಅದು ಒಂದೇ ಸಮನೆ ಕುದಿಯುತ್ತಿರುತ್ತದೆ, ಮತ್ತು ಆ ಆವಿಯನ್ನು ಎತ್ತರದ ಕೊಳವೆಯಿಂದ ಆಕಾಶಕ್ಕೆ ಬಿಡಬೇಕೋ, ಹಿಡಿದು ನಿಲ್ದಾಣದ ದೀಪಗಳಿಗೆ ವಿದ್ಯುತ್ತಾಗಿಸಬೇಕೋ ಎಂಬುದನ್ನು ಓಡುದಾರಿಗೆ ಡಾಂಬರು ಹಾಕುವ ಮೊದಲೇ ನಿರ್ಧರಿಸಿರಬೇಕಾಗುತ್ತದೆ.